ಬೆನ್ನಿಗೆ ಸ್ಕ್ರೂ ಹಾಕಿಸುವ ಮುನ್ನ, ಹಾಕಿಸಿದ ಮೇಲೆ: ಸಣ್ಣ ಗಾಯದ ಬೆನ್ನುಮೂಳೆ ಬೆಸುಗೆಗೆ ಒಂದು ಕೈಪಿಡಿ

"ಚಿಕ್ಕ ತೂತಿನಲ್ಲೇ ಮುಗಿಸುತ್ತಾರಂತೆ, ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರಂತೆ." ಅಕ್ಕನ ಸೊಂಟದ ಶಸ್ತ್ರಚಿಕಿತ್ಸೆಯ ಮಾತು ಎದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ಹಿಡಿದುಕೊಂಡದ್ದು ಈ ಒಂದು ಮಾತನ್ನು. ಸುಳ್ಳೇನಲ್ಲ. ಆದರೆ ಅದು ಚರ್ಮದ ಮಟ್ಟಿಗಿನ ಸತ್ಯ. ಒಳಗೆ ನಡೆಯುವುದು ದೊಡ್ಡ ಕೆಲಸವೇ. ಕಶೇರುಗಳ, ಅಂದರೆ ಬೆನ್ನಿನ ಬಿಡಿ ಮೂಳೆಗಳ, ನಡುವೆ ಮೆತ್ತೆಯಂತಿರುವ ಸವೆದ ಡಿಸ್ಕನ್ನು ಕೆರೆದು ತೆಗೆಯುತ್ತಾರೆ, ಆ ಜಾಗಕ್ಕೆ ಕೇಜ್ ಎನ್ನುವ ಪುಟ್ಟ ಚೌಕಟ್ಟನ್ನೂ ಮೂಳೆಚೂರುಗಳನ್ನೂ ಇಡುತ್ತಾರೆ, ಮೇಲಿನ ಮತ್ತು ಕೆಳಗಿನ ಕಶೇರುಗಳಿಗೆ ಸ್ಕ್ರೂ ಬಿಗಿದು ಸರಳಿನಿಂದ ಜೋಡಿಸುತ್ತಾರೆ. ಮುಂದಿನ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಆ ಎರಡು ಮೂಳೆಗಳು ಬೆಳೆದು ಒಂದಾಗಬೇಕು. ಒಂದಾದ ಮೇಲೆ ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ.

ಹಾಗಾಗಿ ಗಾಯ ಎಷ್ಟು ಸಣ್ಣದು ಎನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬೆಸೆಯಲೇಬೇಕೆ, ಯಾವ ನೋವಿಗಾಗಿ ಬೆಸೆಯುವುದು ಎನ್ನುವುದು ಮೊದಲನೆಯದು. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ. ನಾನು ವೈದ್ಯೆಯಲ್ಲ. ಅಕ್ಕನ ಎಕ್ಸ್‌ರೇ ಕವರು ಹಿಡಿದು ಎರಡು ವರ್ಷ ಓಡಾಡಿದವಳು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವಳು. ನಿಮ್ಮ ಬೆನ್ನಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರದ್ದೇ.

ಹಂತ 1: ನೋವು ಸೊಂಟದ್ದೋ ಕಾಲಿನದ್ದೋ, ಮೊದಲು ಬೇರ್ಪಡಿಸಿ

ಸೊಂಟದ ಭಾಗದಲ್ಲಿ ಐದು ಕಶೇರುಗಳು, ಎಲ್‌1ರಿಂದ ಎಲ್‌5ರವರೆಗೆ. ಅದರ ಕೆಳಗೆ ಸೇಕ್ರಮ್ ಎನ್ನುವ ತ್ರಿಕೋನಾಕಾರದ ಮೂಳೆ, ಅದರ ಮೇಲ್ತುದಿ ಎಸ್‌1. ಎರಡು ಕಶೇರುಗಳ ನಡುವೆ ಮುಂಭಾಗದಲ್ಲಿ ಡಿಸ್ಕ್, ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯಾಸೆಟ್ ಕೀಲು. ವಯಸ್ಸಾದಂತೆ ಡಿಸ್ಕ್‌ನ ನೀರಿನಂಶ ಆರಿ ಎತ್ತರ ಕುಗ್ಗುತ್ತದೆ. ಭಾರ ಹಿಂದಿನ ಕೀಲುಗಳ ಮೇಲೆ ಬೀಳುತ್ತದೆ, ಅವು ಸವೆದು ಊದುತ್ತವೆ, ಒಳಗಿನ ಅಸ್ಥಿರಜ್ಜು ದಪ್ಪಗಾಗುತ್ತದೆ, ನರ ಸಾಗುವ ದಾರಿ ಇಕ್ಕಟ್ಟಾಗುತ್ತದೆ. ಕೆಲವರಲ್ಲಿ ಮೇಲಿನ ಕಶೇರು ಕೆಳಗಿನದರ ಮೇಲೆ ಮುಂದಕ್ಕೆ ಜಾರುತ್ತದೆ. ಸವೆತದಿಂದ ಹೀಗೆ ಜಾರುವುದು ಹೆಚ್ಚಾಗಿ ಎಲ್‌4-ಎಲ್‌5ರಲ್ಲಿ, ಅದೂ ಐವತ್ತು ದಾಟಿದ ಹೆಂಗಸರಲ್ಲಿ. ಜಾರಿದ್ದು ಕಾಲು ಭಾಗದವರೆಗಿದ್ದರೆ ಒಂದನೇ ದರ್ಜೆ, ಅರ್ಧದವರೆಗಿದ್ದರೆ ಎರಡನೆಯದು. ಸವೆತದ ಜಾರಿಕೆ ಸಾಮಾನ್ಯವಾಗಿ ಇವೆರಡರೊಳಗೇ ಇರುತ್ತದೆ.

"ಬೆನ್ನಲ್ಲಿ ಗ್ಯಾಪ್ ಬಂದಿದೆ" ಅನ್ನುತ್ತಾರಲ್ಲ, ಆ ಒಂದು ಮಾತಿನಲ್ಲಿ ಇದೆಲ್ಲವೂ ಕಲಸಿಹೋಗಿದೆ. ನಿಜ ಹೇಳಬೇಕೆಂದರೆ ಸವೆತದಲ್ಲಿ ಆಗುವುದು ಗ್ಯಾಪ್ ಕಡಿಮೆಯಾಗುವುದು, ಬರುವುದಲ್ಲ.

ಸೊಂಟದಲ್ಲೇ ನಿಂತ ಮಂದ ನೋವು ಒಂದು ಬಗೆ. ಪಿರ್ರೆಯಿಂದ ತೊಡೆ, ಮೀನಖಂಡ, ಪಾದದವರೆಗೆ ಇಳಿಯುವ ಉರಿ, ಸೆಳೆತ, ಜೋಮು ಇನ್ನೊಂದು. ಎರಡನೆಯದು ನರ ಒತ್ತಿಕೊಂಡ ಸೂಚನೆ. ನರದ ದಾರಿ ಇಕ್ಕಟ್ಟಾದವರಿಗೆ ಇನ್ನೊಂದು ಸ್ಪಷ್ಟ ಗುರುತಿದೆ. ನಾಲ್ಕು ಹೆಜ್ಜೆ ನಡೆಯುತ್ತಲೇ ಕಾಲು ಭಾರವಾಗುತ್ತದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಅಕ್ಕನಿಗೆ ಬರಿಗೈಯಲ್ಲಿ ರಸ್ತೆಯ ತುದಿ ಮುಟ್ಟಲು ಆಗುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಸಾಮಾನಿನ ಗಾಡಿಯ ಹಿಡಿಯ ಮೇಲೆ ಮೊಣಕೈ ಊರಿ ಅರ್ಧ ಗಂಟೆ ಆರಾಮಾಗಿ ತಿರುಗುತ್ತಿದ್ದಳು. ನಾವು ಸೋಮಾರಿತನ ಅಂದುಕೊಂಡಿದ್ದೆವು. ಬಾಗಿದಾಗ ನರದ ದಾರಿ ಸ್ವಲ್ಪ ಅಗಲವಾಗುತ್ತದೆ, ಅದಕ್ಕೇ ಆ ಆರಾಮು. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದರೂ ನಡೆದಾಗ ನೋವು ಬರುತ್ತದೆ. ಆದರೆ ಅದು ಬಾಗದೆ ಸುಮ್ಮನೆ ನಿಂತರೂ ಕಡಿಮೆಯಾಗುತ್ತದೆ. ಈ ವ್ಯತ್ಯಾಸವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ನರದ ಒತ್ತಡದಿಂದ ಬಂದ ಕಾಲುನೋವಿಗೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಸೊಂಟನೋವಿಗೆ, ಅದರಲ್ಲೂ ಸವೆದ ಡಿಸ್ಕ್ ಬಿಟ್ಟು ಬೇರೇನೂ ಕಾಣದಿದ್ದಾಗ, ಅಷ್ಟು ಭರವಸೆ ಕೊಡಲಾಗದು. ಎಂಆರ್‌ಐ ವರದಿಯ ಭಾಷೆ ಓದಿ ಹೆದರುವವರೇ ಹೆಚ್ಚು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿತು. ಇಪ್ಪತ್ತರ ಹರೆಯದವರಲ್ಲೇ 37% ಮಂದಿಗೆ ಡಿಸ್ಕ್ ಸವೆತ, ಎಂಬತ್ತರವರಲ್ಲಿ 96% ಮಂದಿಗೆ. ಸವೆತ ಕಂಡಿತು ಎಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನುವ ಹಾಗಿಲ್ಲ. ಸ್ಕ್ಯಾನ್‌ನಲ್ಲಿ ಕಂಡ ಜಾಗ, ನೋವು ಇಳಿಯುವ ದಾರಿ, ವೈದ್ಯರು ಮುಟ್ಟಿ ನೋಡಿದ್ದು, ಈ ಮೂರೂ ಒಂದೇ ನರದತ್ತ ಬೆರಳು ತೋರಿಸಬೇಕು.

ಮಲಗಿ ತೆಗೆಸಿದ ಎಂಆರ್‌ಐ ಒಂದೇ ಸಾಲದು ಎನ್ನುವುದೂ ನೆನಪಿರಲಿ. ಕಶೇರು ಅಲುಗಾಡುತ್ತಿದೆಯೇ ಎಂದು ತಿಳಿಯಲು ನಿಂತು, ಮುಂದೆ ಬಾಗಿ, ಹಿಂದೆ ಬಾಗಿ ತೆಗೆದ ಎಕ್ಸ್‌ರೇ ಬೇಕು. ಮಲಗಿದಾಗ ಜಾರಿದ ಮೂಳೆ ತನ್ನ ಜಾಗಕ್ಕೆ ಮರಳಿ ಏನೂ ಆಗಿಲ್ಲದಂತೆ ಕಾಣಬಹುದು.

ಹಂತ 2: ಕಾಯಬಹುದಾದ್ದು, ಕಾಯಬಾರದ್ದು

ಸವೆತದ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಅವಸರವಿಲ್ಲ. ಮೂರರಿಂದ ಆರು ತಿಂಗಳು ಸರಿಯಾಗಿ ಫಿಸಿಯೋಥೆರಪಿ ಮಾಡಿದ್ದೀರಾ? "ಸರಿಯಾಗಿ" ಎನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಹೀಟ್ ಕೊಟ್ಟು ಮಲಗಿಸಿ ಎಬ್ಬಿಸುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಟ್ಟೆ, ಬೆನ್ನು, ಪಿರ್ರೆಯ ಸ್ನಾಯುಗಳಿಗೆ ದಿನವೂ ಕೆಲಸ ಕೊಡುವ ವ್ಯಾಯಾಮ, ನಡಿಗೆ, ತೂಕ ಇಳಿಸುವುದು, ವೈದ್ಯರು ಬರೆದ ನೋವಿನ ಗುಳಿಗೆ, ಬೇಕಾದರೆ ನರದ ಬಳಿಗೆ ಸ್ಟಿರಾಯ್ಡ್ ಇಂಜೆಕ್ಷನ್. ಇಂಜೆಕ್ಷನ್‌ನ ಆರಾಮು ಕೆಲವು ವಾರಗಳದ್ದು. ಆದರೆ ಅದರಿಂದ ಇನ್ನೊಂದು ಉಪಯೋಗವಿದೆ. ಒಂದು ನಿರ್ದಿಷ್ಟ ನರದ ಬಳಿ ಮದ್ದು ಕೊಟ್ಟಾಗ ಕಾಲುನೋವು ಹೋದರೆ, ತೊಂದರೆ ಅಲ್ಲೇ ಎನ್ನುವುದಕ್ಕೆ ಪುರಾವೆ ಸಿಕ್ಕಂತಾಯಿತು.

ಇವಕ್ಕೆ ಮಾತ್ರ ಕಾಯಬೇಡಿ: ಮೂತ್ರ ಬಾರದೆ ಕಟ್ಟಿಕೊಳ್ಳುವುದು ಅಥವಾ ತಿಳಿಯದೆಯೇ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ಕೂರುವ ಭಾಗ ಮತ್ತು ಜನನಾಂಗದ ಸುತ್ತ ಜೋಮು, ಎರಡೂ ಕಾಲುಗಳಲ್ಲಿ ಬಲ ಕುಸಿಯುವುದು. ಇದು ಕಾಡಾ ಈಕ್ವೈನಾ ಎನ್ನುವ, ಸೊಂಟದ ಕೆಳಭಾಗದ ನರಗಳ ಕಟ್ಟೇ ಒತ್ತಿಕೊಂಡ ತುರ್ತು ಸ್ಥಿತಿ. ಅಂದೇ, ಆ ರಾತ್ರಿಯೇ ತುರ್ತು ವಿಭಾಗಕ್ಕೆ ಹೋಗಬೇಕು. ಪಾದ ಎತ್ತಲಾಗದೆ ನೆಲಕ್ಕೆ ಎಳೆದುಕೊಂಡು ಹೋಗುತ್ತಿದ್ದರೂ ಬೇಗ ತೋರಿಸಿ.

ಹಂತ 3: ಬೆಸೆಯಬೇಕೆ, ಒತ್ತಡ ಬಿಡಿಸಿದರೆ ಸಾಕೆ?

ಇಡೀ ಬರಹದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ನರದ ಮೇಲಿನ ಮೂಳೆ, ರಜ್ಜು ಕೊರೆದು ಜಾಗ ಮಾಡಿಕೊಡುವುದಕ್ಕೆ ಡಿಕಂಪ್ರೆಷನ್ ಎನ್ನುತ್ತಾರೆ. ಅದರಲ್ಲಿ ಸ್ಕ್ರೂ ಇಲ್ಲ, ಕೇಜ್ ಇಲ್ಲ. ಬೆಸುಗೆ ಎಂದರೆ ಅದರ ಜೊತೆಗೆ ಕಶೇರುಗಳನ್ನೂ ಜೋಡಿಸುವುದು. ಬಹಳ ಕಾಲ ನಂಬಿಕೆ ಹೀಗಿತ್ತು: ಮೂಳೆ ಜಾರಿದ್ದರೆ ಬೆಸೆಯಲೇಬೇಕು, ಇಲ್ಲದಿದ್ದರೆ ಇನ್ನಷ್ಟು ಜಾರುತ್ತದೆ. 2016ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಸ್ವೀಡನ್ನಿನ 247 ರೋಗಿಗಳ ಪ್ರಯೋಗದಲ್ಲಿ ಎರಡು ವರ್ಷದ ನಂತರ ಬೆಸುಗೆ ಮಾಡಿಸಿಕೊಂಡವರಿಗೂ ಬರೀ ಒತ್ತಡ ಬಿಡಿಸಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ 66 ರೋಗಿಗಳ ಚಿಕ್ಕ ಪ್ರಯೋಗದಲ್ಲಿ ಬೆಸುಗೆಯವರ ದೈಹಿಕ ಸ್ಥಿತಿ ತುಸು ಮೇಲಿತ್ತು, ನಾಲ್ಕು ವರ್ಷದಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರೂ ಅವರಲ್ಲಿ ಕಡಿಮೆ: 14%, ಇನ್ನೊಂದು ಗುಂಪಿನಲ್ಲಿ 34%. ಒಂದೇ ಪತ್ರಿಕೆ, ಎರಡು ದಿಕ್ಕು. 2021ರಲ್ಲಿ ನಾರ್ವೆಯ 267 ರೋಗಿಗಳ ಪ್ರಯೋಗ ಬಂತು. ಒಂದೇ ಮಟ್ಟದಲ್ಲಿ ಕಶೇರು ಜಾರಿದ್ದವರು ಇವರೆಲ್ಲ. ಎರಡು ವರ್ಷದ ಕೊನೆಗೆ ಒತ್ತಡ ಮಾತ್ರ ಬಿಡಿಸಿದವರಲ್ಲಿ ಸುಮಾರು 71%, ಬೆಸುಗೆಯೂ ಆದವರಲ್ಲಿ ಸುಮಾರು 73% ಮಂದಿಗೆ ಗಣನೀಯ ಸುಧಾರಣೆ. ಮತ್ತೆ ಶಸ್ತ್ರಚಿಕಿತ್ಸೆಯಾದವರು ಕ್ರಮವಾಗಿ ಸುಮಾರು 12% ಮತ್ತು 9%.

ಇದರರ್ಥ ಬೆಸುಗೆ ಬೇಡ ಎಂದಲ್ಲ. ಬಾಗಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಸ್ಪಷ್ಟವಾಗಿ ಅಲುಗುತ್ತಿದ್ದರೆ, ನರ ಹೊರಬರುವ ಪಕ್ಕದ ಕಿಂಡಿಯೇ ಡಿಸ್ಕ್ ಕುಸಿದು ಮುಚ್ಚಿಹೋಗಿದ್ದರೆ, ನರ ಬಿಡಿಸಲು ಫ್ಯಾಸೆಟ್ ಕೀಲನ್ನೇ ಹೆಚ್ಚು ಕತ್ತರಿಸಬೇಕಾಗಿ ಬಂದರೆ, ಬೆನ್ನು ಒಂದು ಪಕ್ಕಕ್ಕೆ ವಾಲಿದ್ದರೆ, ಅದೇ ಜಾಗದ ಡಿಸ್ಕ್ ಪದೇ ಪದೇ ಹೊರಚಾಚುತ್ತಿದ್ದರೆ ಬೆಸುಗೆಗೆ ಗಟ್ಟಿ ಕಾರಣವಿದೆ. ಅಕ್ಕನಿಗೆ ಮೊದಲ ಎರಡೂ ಇದ್ದವು. ಇವಾವುವೂ ಇಲ್ಲದೆ ಬೆಸುಗೆ ಸೂಚಿಸಿದರೆ "ಬರೀ ಡಿಕಂಪ್ರೆಷನ್ ಯಾಕೆ ಸಾಲದು?" ಎಂದು ಕೇಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ನಿಮ್ಮದೇ ಚಿತ್ರ ಇಟ್ಟು ತೋರಿಸುತ್ತಾರೆ.

ಕಾಲುನೋವಿಲ್ಲದ, ಬರೀ ಸೊಂಟನೋವಿನವರ ಕಥೆ ಇನ್ನೂ ತೊಡಕು. 2001ರ ಸ್ವೀಡನ್ ಪ್ರಯೋಗದಲ್ಲಿ ಬೆಸುಗೆ ಗೆದ್ದಿತು. ಅದರ ಎದುರಿಗಿದ್ದದ್ದು ಮಾಮೂಲಿ ಫಿಸಿಯೋಥೆರಪಿ. 2005ರಲ್ಲಿ ಬ್ರಿಟನ್ನಿನ 349 ರೋಗಿಗಳ ಪ್ರಯೋಗದಲ್ಲಿ ಎದುರಿಗಿದ್ದದ್ದು ವಾರಗಟ್ಟಲೆ ನಡೆಯುವ ತೀವ್ರ ವ್ಯಾಯಾಮ ಮತ್ತು ನೋವಿನ ಭಯ ಬಿಡಿಸುವ ತರಬೇತಿ. ಅಲ್ಲಿ ಬೆಸುಗೆಯೇ ಮೇಲು ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ಎದುರಾಳಿ ಗಟ್ಟಿಯಾದಂತೆ ಬೆಸುಗೆಯ ಗೆಲುವು ಕರಗಿತು ಎಂದು ನಾನು ಓದಿಕೊಂಡೆ.

ಹಂತ 4: "ಸಣ್ಣ ಗಾಯ" ಅಂದರೆ ಒಳಗೆ ಏನು ನಡೆಯುತ್ತದೆ

ಬೆನ್ನುಮೂಳೆ ಬೆಸುಗೆ ಹೊಸದೇನಲ್ಲ. 1911ರಲ್ಲೇ ನ್ಯೂಯಾರ್ಕ್‌ನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ ಬೇರೆಬೇರೆಯಾಗಿ ಮಾಡಿ ಪ್ರಕಟಿಸಿದ್ದರು. ಆಗ ಅದು ಕ್ಷಯ ತಗುಲಿದ ಬೆನ್ನಿಗೆ. ಹಳೆಯ ತೆರೆದ ವಿಧಾನದಲ್ಲಿ ನಡುಬೆನ್ನಿನಲ್ಲಿ ಉದ್ದಕ್ಕೆ ಸೀಳಿ, ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಕಿತ್ತು, ಗಂಟೆಗಟ್ಟಲೆ ಅಗಲಕ್ಕೆ ಎಳೆದಿಡಬೇಕು. ಮೂಳೆ ಸರಿಹೋದರೂ ಆ ಸ್ನಾಯು ಮೊದಲಿನಂತಾಗುವುದು ಕಷ್ಟ. 1968ರಲ್ಲಿ ಲಿಯಾನ್ ವಿಲ್ಟ್ಸಿ ಎನ್ನುವ ಸರ್ಜನ್ ಪಕ್ಕದಿಂದ, ಸ್ನಾಯುವಿನ ಎಳೆಗಳ ನಡುವೆಯೇ ನುಸುಳುವ ದಾರಿ ವಿವರಿಸಿದರು. 1990ರ ದಶಕದ ಕೊನೆಯಲ್ಲಿ ಕೆವಿನ್ ಫೋಲಿ ಮತ್ತು ಸಂಗಡಿಗರು ಕೊಳವೆಯ ಮೂಲಕ ಡಿಸ್ಕ್ ತೆಗೆಯುವುದನ್ನು ತೋರಿಸಿದರು. ಇಂದಿನ ಪದ್ಧತಿ ಇವೆರಡರ ಕೂಸು.

ಹೆಚ್ಚು ಬಳಕೆಯಲ್ಲಿರುವ ಟಿ-ಲಿಫ್ ವಿಧಾನ ಹೀಗಿದೆ. ನಡುಗೆರೆಯಿಂದ ನಾಲ್ಕೈದು ಸೆಂಟಿಮೀಟರ್ ಪಕ್ಕಕ್ಕೆ ಸುಮಾರು ಮೂರು ಸೆಂಟಿಮೀಟರ್ ಸೀಳು. ಅದರೊಳಗೆ ಪೆನ್ಸಿಲ್‌ನಷ್ಟು ತೆಳು ಕೊಳವೆ. ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು. ಒಂದರ ಮೇಲೊಂದು ಜಾರಿಸುತ್ತ ಹೋದಂತೆ ಸ್ನಾಯುವಿನ ಎಳೆಗಳು ಹರಿಯದೆ ಅಗಲವಾಗುತ್ತವೆ. ಕೊನೆಗೆ ಸುಮಾರು 22 ಮಿ.ಮೀ. ಅಗಲದ ಕೊಳವೆಯೊಂದನ್ನು ಉಳಿಸಿ ಒಳಗಿನವನ್ನು ಹೊರತೆಗೆಯುತ್ತಾರೆ. ಮುಂದಿನ ಕೆಲಸವೆಲ್ಲ ಆ ಕಿಂಡಿಯೊಳಗೇ, ಸೂಕ್ಷ್ಮದರ್ಶಕದ ಬೆಳಕಿನಲ್ಲಿ. ಒಂದು ಬದಿಯ ಫ್ಯಾಸೆಟ್ ಕೀಲು ತೆಗೆಯುತ್ತಾರೆ, ನರ ಬಿಡಿಸುತ್ತಾರೆ, ಡಿಸ್ಕ್ ಖಾಲಿ ಮಾಡುತ್ತಾರೆ, ಅದರ ಮೇಲಿನ ಕೆಳಗಿನ ಮೂಳೆಯ ಮುಖವನ್ನು ರಕ್ತ ಜಿನುಗುವಷ್ಟು ಹೆರೆಯುತ್ತಾರೆ. ಹಾಗೆ ಹೆರೆಯದಿದ್ದರೆ ಬೆಸುಗೆ ಕೂರುವುದಿಲ್ಲ. ತೆಗೆದ ಕೀಲಿನ ಮೂಳೆಯನ್ನೇ ಪುಡಿ ಮಾಡಿ ಕೇಜ್‌ನೊಳಗೂ ಸುತ್ತಲೂ ತುಂಬುತ್ತಾರೆ. ಕೇಜ್ ಟೈಟಾನಿಯಮ್‌ನದು ಅಥವಾ ಪೀಕ್ ಎನ್ನುವ ಗಟ್ಟಿ ಪ್ಲಾಸ್ಟಿಕ್‌ನದು. ಆಮೇಲೆ ಚರ್ಮದ ಮೇಲಿಂದಲೇ ತಂತಿಯ ದಾರಿಗುಂಟ ನಾಲ್ಕು ಸ್ಕ್ರೂ, ಎರಡು ಸರಳು. ಒಂದೊಂದು ಸ್ಕ್ರೂ ಸುಮಾರು 6.5 ಮಿ.ಮೀ. ದಪ್ಪ, 40ರಿಂದ 50 ಮಿ.ಮೀ. ಉದ್ದ. ಕಣ್ಣಿಗೆ ಕಾಣದ ಜಾಗಕ್ಕೆ ಎಕ್ಸ್‌ರೇ ಅಥವಾ ಕಂಪ್ಯೂಟರ್ ನ್ಯಾವಿಗೇಷನ್ ದಾರಿ ತೋರಿಸುತ್ತದೆ. ಹಾಗಾಗಿ ತೆರೆದ ವಿಧಾನಕ್ಕಿಂತ ಎಕ್ಸ್‌ರೇ ಕಿರಣದ ಬಳಕೆ ಇಲ್ಲಿ ಹೆಚ್ಚು.

ಹೊಟ್ಟೆಯ ಕಡೆಯಿಂದ ಹೋಗುವ ಎ-ಲಿಫ್, ಪಕ್ಕೆಯಿಂದ ಹೋಗುವ ಎಲ್-ಲಿಫ್ ವಿಧಾನಗಳೂ ಇವೆ. ಅವುಗಳಲ್ಲಿ ದೊಡ್ಡ ಕೇಜ್ ಕೂರುತ್ತದೆ, ಬೆನ್ನಿನ ಸ್ನಾಯು ಮುಟ್ಟಬೇಕಾಗಿಲ್ಲ. ಆದರೆ ಹೊಟ್ಟೆಯ ದಾರಿಯಲ್ಲಿ ದೊಡ್ಡ ರಕ್ತನಾಳಗಳು ಅಡ್ಡ ಬರುತ್ತವೆ. ಗಂಡಸರಿಗೆ ವೀರ್ಯ ಹೊರಬಾರದೆ ಹಿಂದಕ್ಕೆ ಹೋಗುವ ತೊಂದರೆಯ ಸಾಧ್ಯತೆಯೂ ಇದೆ. ಮಕ್ಕಳು ಬೇಕೆನ್ನುವವರು ಸಂಕೋಚವಿಲ್ಲದೆ ಕೇಳಬೇಕು. ಪಕ್ಕೆಯ ದಾರಿಯಲ್ಲಿ ಕೆಲವು ವಾರ ತೊಡೆ ಜೋಮು ಹಿಡಿಯಬಹುದು. ಎಲ್‌5-ಎಸ್‌1ಕ್ಕೆ ಆ ದಾರಿ ಆಗುವುದಿಲ್ಲ, ಸೊಂಟದ ಮೂಳೆ ಅಡ್ಡ ನಿಲ್ಲುತ್ತದೆ.

ಸಣ್ಣ ಗಾಯದಿಂದ ಸಿಗುವ ಲಾಭ ರಕ್ತ ಕಡಿಮೆ ಹೋಗುವುದು, ಸೋಂಕು ಕಡಿಮೆ, ಮೊದಲ ವಾರಗಳ ನೋವು ಕಡಿಮೆ, ಬೇಗ ಮನೆ. ವರ್ಷ, ಎರಡು ವರ್ಷ ಕಳೆದ ಮೇಲೆ ಅಳೆದರೆ ತೆರೆದ ವಿಧಾನದವರೂ ಇವರೂ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತಾರೆ. ನಿಮ್ಮ ಸರ್ಜನ್‌ಗೆ ತೆರೆದ ವಿಧಾನದಲ್ಲೇ ಪಳಗಿದ ಕೈ ಇದ್ದರೆ, ಸಣ್ಣ ತೂತಿನ ಆಸೆಗೆ ಬಿದ್ದು ಅವರನ್ನು ಬಿಡಬೇಡಿ.

ಹಂತ 5: ಚೀಟಿಯಲ್ಲಿ ಬರೆದುಕೊಂಡು ಹೋಗಬೇಕಾದ ಪ್ರಶ್ನೆಗಳು

ವೈದ್ಯರ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ. ಬರೆದುಕೊಳ್ಳಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ.

- ಯಾವ ಮಟ್ಟ, ಎಷ್ಟು ಮಟ್ಟ ಬೆಸೆಯುತ್ತೀರಿ? ಪಕ್ಕದ ಡಿಸ್ಕ್ ಹೇಗಿದೆ?
- ನನ್ನ ಕಾಲುನೋವು ಎಷ್ಟು ಕಡಿಮೆಯಾದೀತು, ಸೊಂಟನೋವು ಎಷ್ಟು? (ಎರಡಕ್ಕೂ ಬೇರೆಬೇರೆ ಉತ್ತರ ಕೇಳಿ.)
- ಈ ವಿಧಾನವನ್ನು ವರ್ಷಕ್ಕೆ ಎಷ್ಟು ಬಾರಿ ಮಾಡುತ್ತೀರಿ? ಮಧ್ಯದಲ್ಲಿ ತೆರೆದ ವಿಧಾನಕ್ಕೆ ಬದಲಾಯಿಸಬೇಕಾದೀತೆ?
- ಮಾಡಿಸದೇ ಇದ್ದರೆ ಏನಾಗುತ್ತದೆ?

ಕೊನೆಯ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ, "ನಡಿಗೆ ಇನ್ನೂ ಕುಗ್ಗಬಹುದು, ಆದರೆ ಅಪಾಯವೇನಿಲ್ಲ, ನೀವು ಸಿದ್ಧವಾದಾಗ ಬನ್ನಿ." ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಆಗ. ಅದಕ್ಕೂ ಮೊದಲು ಇನ್ನೊಂದು ಕಡೆ ಎಕ್ಸ್‌ರೇಯನ್ನು ಬೆಳಕಿಗೂ ಹಿಡಿಯದೆ ದಿನಾಂಕ ಕೊಡಲು ಹೊರಟಿದ್ದರು. ಎರಡನೇ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನವಲ್ಲ.

ಹಂತ 6: ಮುಂಚಿನ ಆರು ವಾರ

ಸ್ಕ್ರೂ ಮೂಳೆಯನ್ನು ಬೆಸೆಯುವುದಿಲ್ಲ. ಗಾರೆ ಗಟ್ಟಿಯಾಗುವ ತನಕ ಸೆಂಟ್ರಿಂಗ್ ಕಂಬ ನಿಲ್ಲಿಸಿರುತ್ತಾರಲ್ಲ, ಹಾಗೆ ಅದು ಹಿಡಿದುಕೊಂಡಿರುತ್ತದೆ ಅಷ್ಟೆ. ಬೆಸೆಯಬೇಕಾದದ್ದು ನಿಮ್ಮ ಮೈ. ಅದಕ್ಕೆ ಅಡ್ಡ ಬರುವವುಗಳಲ್ಲಿ ಮೊದಲನೆಯದು ತಂಬಾಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಹೊಸ ಮೂಳೆ ಹುಟ್ಟದಂತೆ ತಡೆಯುತ್ತದೆ. ಧೂಮಪಾನಿಗಳಲ್ಲಿ ಬೆಸುಗೆ ಕೂಡದೇ ಹೋಗುವ ಅಪಾಯ ಹೆಚ್ಚು. ಕನಿಷ್ಠ ನಾಲ್ಕರಿಂದ ಆರು ವಾರ ಮುಂಚೆ ಬಿಡಿ. ಆಮೇಲೂ ಮೂಳೆ ಕೂಡುವ ತನಕ ಮುಟ್ಟಬೇಡಿ. ಜಗಿಯುವ ತಂಬಾಕೂ ತಂಬಾಕೇ. "ದಿನಕ್ಕೆ ಎರಡೇ" ಎನ್ನುವ ಲೆಕ್ಕವನ್ನು ಮೂಳೆ ಕೇಳುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 7.5ರಿಂದ 8ಕ್ಕಿಂತ ಮೇಲಿದ್ದರೆ ಹಲವು ಸರ್ಜನ್‌ಗಳು ಶಸ್ತ್ರಚಿಕಿತ್ಸೆ ಮುಂದೂಡುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಮುಟ್ಟು ನಿಂತ ಹೆಂಗಸರು, ಅರವತ್ತೈದು ದಾಟಿದವರು, ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರು ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಗೆ ಕೇಳಿ. ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಅಂಥ ಮೂಳೆಯಲ್ಲಿ ಸ್ಕ್ರೂ ಸಡಿಲಾಗುತ್ತದೆ, ಕೇಜ್ ಒಳಕ್ಕೆ ಕುಸಿಯುತ್ತದೆ. ಮೊದಲು ಮೂಳೆಗೆ ಮದ್ದು, ಆಮೇಲೆ ಸ್ಕ್ರೂ. ವಿಟಮಿನ್ ಡಿ ಕೂಡ ನೋಡಿಸಿ.

ನೀವು ನುಂಗುವ ಪ್ರತಿಯೊಂದು ಗುಳಿಗೆಯ ಪಟ್ಟಿ ಮಾಡಿ, ನಾಟಿ ಔಷಧಿಯನ್ನೂ ಬಿಡದೆ. ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎನ್ನುವುದು ಒಂದೊಂದಕ್ಕೆ ಒಂದೊಂದು ಥರ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಲೇಬಾರದು, ಹೃದ್ರೋಗ ತಜ್ಞರೂ ಸರ್ಜನ್ನೂ ಮಾತಾಡಿಕೊಂಡು ಹೇಳಲಿ. ಹಲ್ಲಿನಲ್ಲಿ ಕೀವು, ಮೂತ್ರದ ಸೋಂಕು, ಚರ್ಮದಲ್ಲಿ ಹುಣ್ಣು ಇದ್ದರೆ ಮೊದಲೇ ವಾಸಿ ಮಾಡಿಸಿಕೊಳ್ಳಿ.

ಮನೆಯನ್ನೂ ಸಿದ್ಧ ಮಾಡಬೇಕು. ದಿನಬಳಕೆಯ ಸಾಮಾನು ಎದೆಮಟ್ಟಕ್ಕೆ ಬರಲಿ. ನೆಲದ ಮೇಲಿನ ಕಾಲೊರಸು, ವೈರುಗಳನ್ನು ಎತ್ತಿಡಿ. ಕೈಯಿರುವ ಗಟ್ಟಿ ಕುರ್ಚಿ ಒಂದು, ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ ಸೀಟು ಒಂದು, ಹಿಂಬದಿ ಮುಚ್ಚಿದ, ಸಲೀಸಾಗಿ ಹಾಕಬಹುದಾದ ಚಪ್ಪಲಿ ಒಂದು ಜೊತೆ. ನಾವು ಮರೆತದ್ದು ಫೋನಿನ ಚಾರ್ಜರ್. ಪ್ಲಗ್ ಇದ್ದದ್ದು ನೆಲದಿಂದ ಗೇಣುದ್ದ ಮೇಲೆ, ಮಂಚದ ಹಿಂದೆ.

ಹಂತ 7: ಆ ದಿನ

ಗಟ್ಟಿ ಆಹಾರ ಸಾಮಾನ್ಯವಾಗಿ ಆರು ಗಂಟೆ ಮುಂಚೆ, ತಿಳಿನೀರು ಎರಡು ಗಂಟೆ ಮುಂಚೆ ನಿಲ್ಲಿಸಬೇಕು. ನಿಮ್ಮ ಅರಿವಳಿಕೆ ತಜ್ಞರು ಹೇಳಿದ್ದೇ ಅಂತಿಮ. ಪೂರ್ತಿ ಪ್ರಜ್ಞೆ ತಪ್ಪಿಸಿ ಬೋರಲು ಮಲಗಿಸುತ್ತಾರೆ. ಹೊಟ್ಟೆ ಒತ್ತದಂತೆ ತೂಗುಬಿಡುತ್ತಾರೆ, ಹಾಗೆ ಮಾಡಿದರೆ ಬೆನ್ನಿನ ರಕ್ತನಾಳಗಳು ಉಬ್ಬದೆ ರಕ್ತಸ್ರಾವ ಕಡಿಮೆ. ಎದ್ದಾಗ ಮುಖ ಊದಿಕೊಂಡಂತೆ ಕಂಡರೆ ಗಾಬರಿಯಾಗಬೇಡಿ, ಬೋರಲು ಮಲಗಿದ್ದರ ಫಲ. ಒಂದು ಮಟ್ಟದ ಬೆಸುಗೆಗೆ ಎರಡರಿಂದ ನಾಲ್ಕು ಗಂಟೆ. ಹೊರಗೆ ಕಾಯುವವರು ಗಮನಿಸಿ: ಮಲಗಿಸಿ ಸಜ್ಜು ಮಾಡಲು, ಆಮೇಲೆ ಎಬ್ಬಿಸಲು ಹಿಡಿಯುವ ಹೊತ್ತು ಇದರಲ್ಲಿ ಸೇರಿಲ್ಲ. ಐದನೇ ಗಂಟೆಗೆ ನಾನು ಬಾಗಿಲ ಬಳಿ ನಿಂತಿದ್ದು ವ್ಯರ್ಥ ಭಯ.

ಹಂತ 8: ಉರುಳಿ ಏಳುವುದನ್ನು ಮೊದಲೇ ಕಲಿಯಿರಿ

ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ ಎಬ್ಬಿಸಿ ನಡೆಸುತ್ತಾರೆ. ರಕ್ತ ಹೆಪ್ಪುಗಟ್ಟದಿರಲು, ಶ್ವಾಸಕೋಶ ತೆರೆದುಕೊಳ್ಳಲು ಅದು ಬೇಕೇ ಬೇಕು. ಸಾಮಾನ್ಯವಾಗಿ ಒಂದರಿಂದ ಮೂರು ದಿನ ಆಸ್ಪತ್ರೆಯಲ್ಲಿ.

ಏಳುವ ರೀತಿ ಮಾತ್ರ ಬೇರೆ. ಅಂಗಾತ ಮಲಗಿದವರು ಹಾಗೇ ಎದ್ದು ಕೂರಬಾರದು. ಮೊದಲು ಎರಡೂ ಮೊಣಕಾಲು ಮಡಚಿ. ಭುಜವೂ ಸೊಂಟವೂ ಒಟ್ಟಿಗೆ, ಮರದ ದಿಮ್ಮಿ ಉರುಳಿದಂತೆ, ಪಕ್ಕಕ್ಕೆ ಹೊರಳಿ. ಕಾಲುಗಳನ್ನು ಮಂಚದ ಅಂಚಿನಿಂದ ಕೆಳಗಿಳಿಸುತ್ತಲೇ ಕೆಳಗಿನ ಮೊಣಕೈ ಊರಿ, ಮೇಲಿನ ಅಂಗೈಯಿಂದ ಹಾಸಿಗೆ ಒತ್ತಿ ಮೈ ಮೇಲೇರಿಸಿ. ಕಾಲಿನ ಭಾರವೇ ಮೈಯನ್ನು ಅರ್ಧ ಎತ್ತಿಕೊಡುತ್ತದೆ. ಅಂಚಿನಲ್ಲಿ ಒಂದು ನಿಮಿಷ ಕೂರಿ, ತಲೆ ಸುತ್ತು ನಿಂತ ಮೇಲೆ ಎದ್ದೇಳಿ. ಮಲಗುವಾಗ ಇದೇ ಕ್ರಮ ತಿರುಗುಮುರುಗು. ಅಕ್ಕ ಇದನ್ನು ಹದಿನೈದು ದಿನ ಮುಂಚೆಯೇ ಮನೆಯಲ್ಲಿ ಅಭ್ಯಾಸ ಮಾಡಿದ್ದಳು. ಫಿಸಿಯೋಥೆರಪಿಸ್ಟ್ ಬಾಯಿ ತೆರೆಯುವ ಮೊದಲೇ ಉರುಳಿ ಕೂತು, "ಮುಂದೇನು?" ಅಂದಳು.

ಕಾಲುನೋವು ಕೆಲವರಿಗೆ ಎದ್ದ ತಕ್ಷಣ ಇಲ್ಲವಾಗಿರುತ್ತದೆ. ಜೋಮು ಮತ್ತು ಬಲಹೀನತೆ ನಿಧಾನ, ತಿಂಗಳುಗಳು ಬೇಕು. ಎರಡು, ಮೂರನೇ ವಾರದಲ್ಲಿ ಕಾಲಲ್ಲಿ ಹೊಸದಾಗಿ ಚುಳುಕು, ಉರಿ ಬಂದುಹೋಗುವುದುಂಟು. ನರದ ಸುತ್ತಲಿನ ಬಾವು ಏರಿಳಿಯುವಾಗ ಹೀಗಾಗುತ್ತದೆ. ಬಲ ಕುಸಿಯದೆ ಬರೀ ಉರಿಯಾದರೆ ಮುಂದಿನ ಭೇಟಿಯಲ್ಲಿ ಹೇಳಿದರೂ ಸಾಕು.

ಹಂತ 9: ಮನೆಯಲ್ಲಿ

ಬಾಗಬೇಡಿ, ಎತ್ತಬೇಡಿ, ತಿರುಚಬೇಡಿ. ಆರರಿಂದ ಹನ್ನೆರಡು ವಾರ ಇದೇ ಮಂತ್ರ. ಎತ್ತುವ ಮಿತಿ ಮೊದಲಿಗೆ ನಾಲ್ಕೈದು ಕಿಲೋ, ನೀರು ತುಂಬಿದ ಬಕೆಟ್ ಆ ಮಿತಿಯ ಹೊರಗೆ. ಬಿದ್ದದ್ದನ್ನು ಎತ್ತಲು ಉದ್ದ ಹಿಡಿಯ ಚಿಮಟ, ಇಲ್ಲವೇ ಮನೆಯವರು. ತಿರುಚುವುದನ್ನು ಜನ ಮರೆಯುತ್ತಾರೆ. ಕುರ್ಚಿಯಲ್ಲಿ ಕೂತೇ ಹಿಂದಿನ ಮೇಜಿಗೆ ಕೈ ಚಾಚುವುದೂ ತಿರುಚುವುದೇ. ಪಾದ ಸಮೇತ ತಿರುಗಿ.

ನಡಿಗೆಯೇ ಈ ದಿನಗಳ ವ್ಯಾಯಾಮ. ಐದು ನಿಮಿಷ, ದಿನಕ್ಕೆ ನಾಲ್ಕೈದು ಬಾರಿ ಶುರುಮಾಡಿ ವಾರ ವಾರ ಏರಿಸಿ. ಒಂದೇ ಸಮ ಕೂರುವುದು ಮೊದಲಲ್ಲಿ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಮುಗಿಯಲಿ. ಗಾಯ ಒಣಗಿರಲಿ, ಸ್ನಾನಕ್ಕೆ ಸರ್ಜನ್ ಹೇಳಿದ ದಿನ ಕಾಯಿರಿ, ತೊಟ್ಟಿಯಲ್ಲಿ ಮುಳುಗುವುದು ಗಾಯ ಪೂರ್ತಿ ಮಾಯುವ ತನಕ ಬೇಡ. ಹೊಲಿಗೆ ಅಥವಾ ಸ್ಟೇಪಲ್ ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಬಲವಾದ ನೋವಿನ ಗುಳಿಗೆಗಳು ಮಲಬದ್ಧತೆ ತರುತ್ತವೆ, ತಿಣುಕಿದರೆ ಬೆನ್ನು ನೋಯುತ್ತದೆ. ಮಲ ಸಡಿಲಿಸುವ ಮದ್ದನ್ನು ಮೊದಲ ದಿನವೇ ಕೇಳಿ ಪಡೆಯಿರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ಮೂಳೆ ಕೂಡುವುದನ್ನು ನಿಧಾನಿಸಬಹುದೆಂದು ಹಲವು ಸರ್ಜನ್‌ಗಳು ಬೇಡವೆನ್ನುತ್ತಾರೆ. ಕೇಳದೆ ನುಂಗಬೇಡಿ.

ನಿದ್ದೆ ಬರಿಸುವ ನೋವಿನ ಮದ್ದು ನಿಲ್ಲುವ ತನಕ ವಾಹನ ಓಡಿಸುವಂತಿಲ್ಲ. ಕೂತು ಮಾಡುವ ಕೆಲಸಕ್ಕೆ ನಾಲ್ಕರಿಂದ ಆರು ವಾರ, ಮೈಮುರಿಯುವ ದುಡಿಮೆಗೆ ಮೂರರಿಂದ ಆರು ತಿಂಗಳು. ಸಣ್ಣ ಗಾಯದವರು ಎಡವುವುದು ಇಲ್ಲೇ. ಮೂರನೇ ವಾರಕ್ಕೆ ನೋವಿಲ್ಲ, ಗಾಯ ಮಾಯ್ದಿದೆ, "ಎಲ್ಲ ಸರಿಹೋಯಿತು" ಎಂದು ಹಾಸಿಗೆ ಎಳೆದು ಗುಡಿಸಲು ಇಳಿಯುತ್ತಾರೆ. ಚರ್ಮ ಮಾಯ್ದಷ್ಟು ಬೇಗ ಮೂಳೆ ಕೂಡುವುದಿಲ್ಲ. ಅಕ್ಕನನ್ನು ಪೊರಕೆಯಿಂದ ದೂರವಿಡಲು ನಾನು ಅದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ.

ಈ ಲಕ್ಷಣಗಳು ಕಂಡರೆ ಅಂದೇ ಆಸ್ಪತ್ರೆಗೆ ಫೋನು ಮಾಡಿ: 38.3 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಗಾಯದಿಂದ ಕೀವು ಅಥವಾ ಕೆಂಪು ಹರಡುವುದು, ಗಾಯದಿಂದ ತಿಳಿನೀರು ಒಸರುತ್ತ ಎದ್ದು ಕೂತಾಗ ಹೆಚ್ಚುವ ತಲೆನೋವು (ನರದ ಹೊದಿಕೆ ಹರಿದು ದ್ರವ ಸೋರುತ್ತಿರಬಹುದು), ಒಂದೇ ಮೀನಖಂಡ ಊದಿ ನೋಯುವುದು. ಎದೆನೋವು, ಏದುಸಿರು, ಮೂತ್ರ ಕಟ್ಟುವುದು, ಕಾಲಿನ ಬಲ ಹೊಸದಾಗಿ ಕುಸಿಯುವುದು ಇವಕ್ಕೆ ಫೋನು ಬೇಡ, ನೇರ ತುರ್ತು ವಿಭಾಗ.

ಹಂತ 10: ಮೂರು ತಿಂಗಳಾದ ಮೇಲೆ

ಎಕ್ಸ್‌ರೇಗಳು ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ, ಹೆಚ್ಚುಕಡಿಮೆ ಈ ಲೆಕ್ಕದಲ್ಲಿ ನಡೆಯುತ್ತವೆ. ಮೂರನೇ ತಿಂಗಳ ಹೊತ್ತಿಗೆ ಸ್ನಾಯು ಬಲಪಡಿಸುವ ವ್ಯಾಯಾಮ ಸಾಮಾನ್ಯವಾಗಿ ಶುರು. ನೋವು ಹೋಗದೆ ಅನುಮಾನವಾದರೆ ಸಿಟಿ ಸ್ಕ್ಯಾನ್. ಅಕ್ಕನಿಗೂ ಒಂದು ವರ್ಷದ ಹೊತ್ತಿಗೆ ಮಾಡಿದ್ದರು. ಪರದೆಯ ಮೇಲೆ ಕೇಜ್‌ನ ನಡುವೆ ಬಳಪದ ಗೆರೆಯಂಥ ಮಸುಕು ಬಿಳಿ, ಮೇಲಿನ ಮೂಳೆಯಿಂದ ಕೆಳಗಿನದಕ್ಕೆ ಇಳಿದಿತ್ತು. "ಇಷ್ಟಕ್ಕೆ ಒಂದು ವರ್ಷ!" ಅಂದಳು ಅಕ್ಕ.

ಎಲ್ಲರಿಗೂ ಆ ಗೆರೆ ಮೂಡುವುದಿಲ್ಲ. ಕೂಡದ ಬೆಸುಗೆಯಲ್ಲಿ ಕೆಲವರಿಗೆ ನೋವೇ ಇರುವುದಿಲ್ಲ, ಕೆಲವರಿಗೆ ಸ್ಕ್ರೂ ಸಡಿಲಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇನ್ನೊಂದು ಚಿಂತೆ ಪಕ್ಕದ ಮಟ್ಟದ್ದು. ಒಂದು ಕೀಲು ನಿಂತಾಗ ಅದರ ಮೇಲಿನ ಕೆಳಗಿನ ಕೀಲುಗಳು ಹೆಚ್ಚು ದುಡಿಯುತ್ತವೆ, ವರ್ಷಗಳಲ್ಲಿ ಅವೂ ಸವೆಯಬಹುದು. ಅದರಲ್ಲಿ ಬೆಸುಗೆಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ತಜ್ಞರ ನಡುವೆಯೇ ವಾದವಿದೆ. ತೂಕ ಹಿಡಿತದಲ್ಲಿಟ್ಟು ಬೆನ್ನಿನ, ಹೊಟ್ಟೆಯ ಸ್ನಾಯು ಗಟ್ಟಿಯಾಗಿಟ್ಟುಕೊಳ್ಳುವುದು ನಮ್ಮ ಕೈಲಿರುವ ಭಾಗ.

ಸ್ಕ್ರೂಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ತೊಂದರೆ ಕೊಟ್ಟರೆ ಮಾತ್ರ. ಟೈಟಾನಿಯಮ್ ಆದ್ದರಿಂದ ಮುಂದೆ ಎಂಆರ್‌ಐ ಮಾಡಿಸಬಹುದು. ಸ್ಕ್ರೂ ಇರುವ ಜಾಗದಲ್ಲಿ ಚಿತ್ರ ಸ್ವಲ್ಪ ಕಲಸಿಕೊಳ್ಳುತ್ತದೆ ಅಷ್ಟೆ. ಯಾವ ಕೇಜ್, ಯಾವ ಅಳತೆಯ ಸ್ಕ್ರೂ, ಯಾವ ದಿನಾಂಕ ಎನ್ನುವ ಇಂಪ್ಲಾಂಟ್ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಅದರ ಚಿತ್ರ ಫೋನಿನಲ್ಲಿಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಇನ್ನೊಬ್ಬ ಸರ್ಜನ್ ಆ ಸ್ಕ್ರೂ ಬಿಚ್ಚಬೇಕಾಗಿ ಬಂದರೆ, ಯಾವ ಸ್ಕ್ರೂಡ್ರೈವರ್ ತರಿಸಬೇಕೆಂದು ಅವರಿಗೆ ಗೊತ್ತಾಗುವುದು ಅದರಿಂದಲೇ.